ನೆರಳಿನ ಪಾತಿಗೆ ಯಾವುದು: ಕ್ಯಾಲೇಡಿಯಂ, ಪೀಸ್ ಲಿಲಿ, ಜರಿಗಿಡ, ಕನಕಾಂಬರ?

ಗೋಡೆಯ ಮಗ್ಗುಲಿನಿಂದ ದೊಡ್ಡ ಮರದ ಬುಡದವರೆಗೆ ಚಾಚಿದ ಒಂದು ಪಾತಿ. ಗೋಡೆಯ ಕಡೆ ಮಣ್ಣು ಸದಾ ತಂಪು. ಮರದ ಕಡೆ ಬೇರುಗಳೇ ನೀರೆಲ್ಲ ಹೀರಿಕೊಳ್ಳುವುದರಿಂದ ಒಣ ನೆರಳು. ಮೂರು ವರ್ಷಗಳಿಂದ ಈ ನಾಲ್ಕನ್ನೂ ಎರಡೂ ತುದಿಯಲ್ಲಿ ನೆಟ್ಟು ನೋಡುತ್ತಿದ್ದೇನೆ.

ಮನಸ್ಸು ಸೋತದ್ದು ಕ್ಯಾಲೇಡಿಯಂಗೆ. ಮಬ್ಬುಗತ್ತಲಲ್ಲೂ ಅದರ ಬಿಳಿ ಎಲೆಗಳು ದೀಪ ಹಚ್ಚಿಟ್ಟಂತೆ ಕಾಣುತ್ತವೆ. ಆದರೆ ಚಳಿ ಬಂತೆಂದರೆ ಎಲೆಗಳು ಒಂದೊಂದಾಗಿ ಜೋತುಬಿದ್ದು ಗಡ್ಡೆ ನಿದ್ದೆಗೆ ಜಾರುತ್ತದೆ. ಮೊದಲ ವರ್ಷ ಗಿಡ ಸಾಯುತ್ತಿದೆಯೆಂದು ಹೆದರಿ ದಿನವೂ ನೀರು ಹಾಕಿದೆ. ಅಗೆದು ನೋಡಿದರೆ ಗಡ್ಡೆ ಬೆರಳೊತ್ತಿದಲ್ಲೆಲ್ಲ ಕುಸಿಯುತ್ತಿತ್ತು, ಕೊಳೆತ ವಾಸನೆ. ಈಗ ಎಲೆ ಬಾಡಿದ ಮೇಲೆ ಕಿತ್ತು, ಒಣ ಮರಳಿನಲ್ಲಿಟ್ಟು, ನೆಲ ಬೆಚ್ಚಗಾದಾಗ ಮತ್ತೆ ನೆಡುತ್ತೇನೆ.

ಪೀಸ್ ಲಿಲಿಗೆ ಆ ತಾಪತ್ರಯವಿಲ್ಲ, ವರ್ಷವಿಡೀ ಹಸಿರು. ನಾವು ಹೂವೆನ್ನುವ ಬಿಳಿ ದಳ ರೂಪ ಬದಲಿಸಿದ ಎಲೆ. ನಿಜವಾದ ಪುಟ್ಟ ಹೂಗಳು ನಡುವಿನ ದಿಂಡಿಗೆ ಅಂಟಿಕೊಂಡಿರುತ್ತವೆ. ಗೋಡೆಯ ಬಳಿ ಅದು ಸೊಂಪಾಗಿ ಬೆಳೆಯಿತು. ಮರದ ಬುಡದಲ್ಲಿ ಮಾತ್ರ ಒದ್ದೆ ಬಟ್ಟೆಯಂತೆ ಮಲಗುವುದು, ನೀರುಣಿಸಿದರೆ ಕೆಲವೇ ಗಂಟೆಗಳಲ್ಲಿ ಏಳುವುದು. ಕೊನೆಗೆ ಕನಿಕರದಿಂದ ಕಿತ್ತು ತಂದೆ. ಕ್ಯಾಲೇಡಿಯಂ, ಪೀಸ್ ಲಿಲಿ ಎರಡನ್ನೂ ಅಗಿದರೆ ಬಾಯಿ ಉರಿಯುತ್ತದೆ. ಮಕ್ಕಳು, ಸಾಕುಪ್ರಾಣಿಗಳಿದ್ದರೆ ಎಚ್ಚರ.

ಒಣ ನೆರಳನ್ನು ಗೆದ್ದದ್ದು ನೆಫ್ರೋಲೆಪಿಸ್ ಕಾರ್ಡಿಫೋಲಿಯಾ ಎಂಬ ಜರಿಗಿಡ. ಒಂದು ಬುಡ ಎಬ್ಬಿಸಿದಾಗ ಗುಟ್ಟು ತಿಳಿಯಿತು: ದಾರದಂಥ ಕುಡಿಗಳಲ್ಲಿ ಗೋಲಿಯಾಕಾರದ ಪುಟ್ಟ ಗಡ್ಡೆಗಳು, ಕಂದು ಹೊಟ್ಟು ಹೊದ್ದು ತೂಗುತ್ತಿದ್ದವು. ಹಿಸುಕಿದರೆ ನೀರು. ಅದೇ ಕುಡಿಗಳು ಪಕ್ಕದ ಜಾಗಕ್ಕೂ ನುಗ್ಗುತ್ತವೆ. ಗೋಡೆಯ ಕಡೆ ಬಿಟ್ಟಿದ್ದರೆ ಕ್ಯಾಲೇಡಿಯಂ ಉಳಿಯುತ್ತಿರಲಿಲ್ಲ.

ಕನಕಾಂಬರ ದಟ್ಟ ನೆರಳಿನಲ್ಲಿ ಬರೀ ಕಡ್ಡಿಯಾಯಿತು. ಬೆಳಗಿನ ಎಳೆಬಿಸಿಲು ತಾಕುವ ಅಂಚಿಗೆ ಸರಿಸಿದ ಮೇಲೆ ತಿಂಗಳುಗಟ್ಟಲೆ ಹೂಬಿಟ್ಟಿತು. ಒಣಗಿದ ಕಾಯಿಗೆ ನೀರು ತಗುಲಿದರೆ ಚಟ್ಟೆಂದು ಸಿಡಿದು ಬೀಜ ಹಾರುತ್ತದೆ, ಸಸಿಗಳು ತಾವಾಗಿ ಏಳುತ್ತವೆ.

ಒಂದನ್ನೇ ಆರಿಸಬೇಕೆಂದರೆ ತೇವದ ನೆರಳಿಗೆ ಪೀಸ್ ಲಿಲಿ, ಮರದಡಿಗೆ ಜರಿಗಿಡ. ಆದರೂ ಕ್ಯಾಲೇಡಿಯಂ ಗಡ್ಡೆಗಳನ್ನು ಈ ಸಲವೂ ಮರಳಿನಲ್ಲಿಟ್ಟಿದ್ದೇನೆ.