ಹಳೇ ಥಿಂಕ್‌ಪ್ಯಾಡ್, ಡಾಸ್‌ಬಾಕ್ಸ್, ಬ್ರೌಸರ್: ಪ್ರಿನ್ಸ್ ಎಲ್ಲಿ ಚೆನ್ನಾಗಿ ಓಡ್ತಾನೆ?

ಮಳೆಗಾಲಕ್ಕೆ ಮುಂಚೆ ಅಟ್ಟ ಖಾಲಿ ಮಾಡುವಾಗ ಹಳೇ ಬೆಡ್‌ಶೀಟ್ ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದರೆ ನಮ್ಮ ಥಿಂಕ್‌ಪ್ಯಾಡ್ 600! 1998ರ ಐಬಿಎಂ ಲ್ಯಾಪ್‌ಟಾಪ್, 266 ಮೆಗಾಹರ್ಟ್ಸ್ ಪೆಂಟಿಯಮ್ 2, ಕೀಬೋರ್ಡ್ ಮಧ್ಯೆ ಮೌಸ್ ಬದಲಿಗೆ ಆ ಕೆಂಪು ಗುಂಡಿ. 2003ರಲ್ಲಿ ಅಮೆರಿಕದಿಂದ ಬಂದಿದ್ದ ಚಿಕ್ಕಪ್ಪ "ನೀವಿಬ್ರೂ ಇಟ್ಕೊಳ್ರೋ, ನಂಗೆ ಬೇಡ" ಅಂತ ಬಿಟ್ಟುಹೋಗಿದ್ದರು. ನಾನು ಮತ್ತು ಅಕ್ಕ ಅದಕ್ಕಾಗಿ ಮಾಡಿದ ಜಗಳ ಬೇರೆಯದೇ ಕಥೆ.

ಬ್ಯಾಟರಿ ಪೂರ್ತಿ ಸತ್ತಿತ್ತು, ಆದರೆ ಅಡಾಪ್ಟರ್ ಹಾಕಿದರೆ ದೀಪ ಹತ್ತಿತು. ಬೀಪ್ ಬೀಪ್ ಅಂದು ಪರದೆ ಮೇಲೆ 161, 163 ಅಂತ ಬಂತು. ಹೆದರಬೇಡಿ, ಒಳಗಿನ ಚಿಕ್ಕ ಸೆಲ್ ಹೋಗಿದೆ, ತಾರೀಕು ಮರೆತಿದೆ ಅಂತ ಅಷ್ಟೇ. ಹೊಸ ಸೆಲ್ ಹಾಕಿ ತಾರೀಕು ಕೊಟ್ಟೆ, ವಿಂಡೋಸ್ 98 ಏನೂ ಆಗದವರ ಹಾಗೆ ಎದ್ದು ಕೂತಿತು. ಗೇಮ್ಸ್ ಫೋಲ್ಡರ್‌ನಲ್ಲಿ ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ಡಿಗ್ಗರ್, ವಿಂಡೋಸ್‌ಗೂ ಮುಂಚೆ ಪಿಸಿ ನಡೆಸುತ್ತಿದ್ದ ಡಾಸ್ ಕಾಲದ ಆಟಗಳೆಲ್ಲಾ ಇದ್ದವು.

ಗೆಳೆಯ ಒಬ್ಬ ನಕ್ಕ. "ಇಷ್ಟಕ್ಕೆಲ್ಲ ಯಾಕೋ ಒದ್ದಾಡ್ತೀಯ, ಹೊಸ ಕಂಪ್ಯೂಟರಿನಲ್ಲೇ ಹಳೇ ಆಟ ಓಡಿಸೋ ಡಾಸ್‌ಬಾಕ್ಸ್ ಇದೆ, ಅದೂ ಬೇಡ ಅಂದ್ರೆ ಬ್ರೌಸರ್‌ನಲ್ಲೇ ಆಡಬಹುದು." ಸರಿ, ನೋಡೇ ಬಿಡೋಣ ಅಂತ ಎರಡು ವಾರ ಮೂರರಲ್ಲೂ ಅವೇ ಆಟಗಳನ್ನು ಆಡಿದೆ. ಫೋನಿನಲ್ಲೂ ಒಂದು ಸಂಜೆ ನೋಡಿದೆ. ಗಾಜಿನ ಮೇಲೆ ಬೆರಳಿಟ್ಟು ಪ್ರಿನ್ಸ್‌ನನ್ನು ಹಾರಿಸೋದು ನನ್ನ ಕೈಲಾಗದ ಕೆಲಸ, ಅದರ ಮಾತು ಇಲ್ಲಿಗೇ ಮುಗೀತು.

ಮೊದಲು ಥಿಂಕ್‌ಪ್ಯಾಡ್. ಇದರ ಕೀಬೋರ್ಡ್ ಮುಂದೆ ನನ್ನ ಈಗಿನ ಲ್ಯಾಪ್‌ಟಾಪ್ ಕೀಬೋರ್ಡ್ ಹಪ್ಪಳ ಇದ್ದ ಹಾಗೆ. ಕೀಲಿ ಆಳಕ್ಕೆ ಇಳಿಯುತ್ತೆ, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತೆ. ಪ್ರಿನ್ಸ್‌ಗೆ ಇದು ತುಂಬಾ ಮುಖ್ಯ. ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡೋದು, ಹಾರೋದನ್ನು ವಿಡಿಯೊ ಮಾಡಿ ಅದನ್ನೇ ಚಿತ್ರ ಚಿತ್ರವಾಗಿ ಬಿಡಿಸಿ ಮಾಡಿದ ಆಟ ಇದು. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು, ಮರುವರ್ಷ ಡಾಸ್‌ಗೆ. ಹಾಗಾಗಿ ಪ್ರಿನ್ಸ್ ನಿಜವಾದ ಮನುಷ್ಯನ ಥರ ಇಟ್ಟ ಹೆಜ್ಜೆ ಮುಗಿಸಿಯೇ ಹಾರುತ್ತಾನೆ, ಅಂಚು ಬರೋ ಮುಂಚೆಯೇ ನಾವು ಒತ್ತಿರಬೇಕು. ಥಿಂಕ್‌ಪ್ಯಾಡ್‌ನಲ್ಲಿ ಮೂರನೇ ದಿನಕ್ಕೆ ಆ ಲೆಕ್ಕ ಬೆರಳಿಗೆ ವಾಪಸ್ ಬಂತು. ಶಾಲೆಯ ಲ್ಯಾಬಿನಲ್ಲಿ ನಂಬರ್ ಪ್ಯಾಡಿನ 7, 9 ಒತ್ತಿ ಓರೆಯಾಗಿ ಹಾರುತ್ತಿದ್ದೆವಲ್ಲ, ಅದು ಮಾತ್ರ ಇಲ್ಲಿಲ್ಲ.

ಪರದೆ? ಸ್ವಲ್ಪ ಹಳದಿಯಾಗಿದೆ. ಆಟ ಮಧ್ಯದಲ್ಲಿ ಅಂಚೆ ಕಾರ್ಡಿನಷ್ಟು ಜಾಗದಲ್ಲಿ ಕೂತಿರುತ್ತೆ. ಎಫ್‌ಎನ್ ಹಿಡಿದು ಎಫ್8 ಒತ್ತಿದರೆ ಪೂರ್ತಿ ಹರಡುತ್ತೆ, ಅಂಚುಗಳು ಮಸುಕು. ಆದರೆ ಪರದೆಯೇ 4:3 (ಅಗಲ ನಾಲ್ಕು ಪಾಲು, ಎತ್ತರ ಮೂರು) ಆದ್ದರಿಂದ ಪ್ರಿನ್ಸ್ ಇರಬೇಕಾದಷ್ಟೇ ಎತ್ತರ ಇದ್ದಾನೆ.

ಒಂದು ವಿಷಯದಲ್ಲಿ ಈ ಮೆಷಿನ್ ಕೈಕೊಟ್ಟಿತು. ಕಾಲೇಜಿನಲ್ಲಿ ಟರ್ಬೊ ಪ್ಯಾಸ್ಕಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆದ ಹಾವಿನ ಆಟ ಇದರಲ್ಲಿದೆ. ಓಡಿಸಿದರೆ "ರನ್‌ಟೈಮ್ ಎರರ್ 200". ಆಗಲೂ ಹೀಗೇ ಬಂದಿತ್ತು, ವೈರಸ್ ಅಂದುಕೊಂಡಿದ್ದೆ! ಈಗ ಓದಿದ ಮೇಲೆ ಗೊತ್ತಾಯ್ತು. ಟರ್ಬೊ ಪ್ಯಾಸ್ಕಲ್‌ನ ಸಿಆರ್‌ಟಿ ಅನ್ನೋ ಯೂನಿಟ್ (ಪರದೆ, ಕೀಬೋರ್ಡ್ ನೋಡಿಕೊಳ್ಳೋ ಸಿದ್ಧ ಭಾಗ) ಶುರುವಿನಲ್ಲೇ, 55 ಮಿಲಿಸೆಕೆಂಡಿನಲ್ಲಿ ಕಂಪ್ಯೂಟರ್ ಎಷ್ಟು ಸುತ್ತು ಎಣಿಸುತ್ತೆ ಅಂತ ನೋಡಿ ಅದನ್ನು 55ರಿಂದ ಭಾಗಿಸುತ್ತೆ. ಪೆಂಟಿಯಮ್ 2ರ ವೇಗಕ್ಕೆ ಉತ್ತರ, 16 ಬಿಟ್‌ನ ಜಾಗದಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆಯಾದ 65535ನ್ನು ದಾಟುತ್ತೆ, ಸೊನ್ನೆಯಿಂದ ಭಾಗಿಸಿದೆ ಅಂತ ಸುಳ್ಳು ದೂರು ಕೊಟ್ಟು ನಿಂತುಬಿಡುತ್ತೆ. ಅಂದರೆ ನನ್ನ ಹಳೇ ಕಂಪ್ಯೂಟರ್ ನನ್ನ ಹಳೇ ಆಟಕ್ಕೆ ಜಾಸ್ತಿ ಹೊಸದು!

ಡಾಸ್‌ಬಾಕ್ಸ್ ಗೆದ್ದಿದ್ದು ಇಲ್ಲೇ. 2002ರಿಂದ ಇರುವ ಈ ಪ್ರೋಗ್ರಾಂ ಹೊಸ ಲ್ಯಾಪ್‌ಟಾಪ್ ಒಳಗೆ ಒಂದು ಹಳೇ ಪಿಸಿಯನ್ನೇ ಕೂರಿಸುತ್ತೆ. ವೇಗ ನಮ್ಮ ಕೈಯಲ್ಲಿರುತ್ತೆ. ಕಂಟ್ರೋಲ್ ಹಿಡಿದು ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ಜೋರು. ಹಾವು ಮೊದಲ ಸಲಕ್ಕೇ ಹರಿಯಿತು. (ಆಟ ಅಂಥ ಚೆನ್ನಾಗಿಲ್ಲ ಬಿಡಿ, ಹಾವು ತನ್ನ ಬಾಲದ ಮೇಲೇ ಹಾದುಹೋಗುತ್ತೆ.) ಡೇವ್ ಕೂಡ ಲ್ಯಾಬಿನಲ್ಲಿ ಆಡಿದ ವೇಗದಲ್ಲೇ ಸಿಕ್ಕಿದ. ಒಂದು ಎಚ್ಚರ: ಹಾಕಿದ ಹಾಗೇ ಬಿಟ್ಟರೆ ಚಿತ್ರ ಕುಳ್ಳಗೆ ಕಾಣುತ್ತೆ, ಪ್ರಿನ್ಸ್‌ಗೆ ಹೊಟ್ಟೆ ಬಂದ ಹಾಗೆ. ಸೆಟ್ಟಿಂಗ್ ಫೈಲಿನಲ್ಲಿ ಆಸ್ಪೆಕ್ಟ್ ಅನ್ನೋದನ್ನು ಟ್ರೂ ಮಾಡಿ. ಅದನ್ನು ಹುಡುಕೋಕೆ ನನಗೆ ಒಂದು ಸಂಜೆ ಹೋಯ್ತು. ಆಟದ ಫೋಲ್ಡರ್ ಎಲ್ಲಿದೆ ಅಂತ ಹೇಳೋ ಮೌಂಟ್ ಕಮಾಂಡ್ ಟೈಪ್ ಮಾಡೋದು ಕೆಲವರಿಗೆ ಕಿರಿಕಿರಿ ಅನ್ನಿಸಬಹುದು, ನನಗೆ ಅದೇ ಖುಷಿ.

ಇನ್ನು ಬ್ರೌಸರ್. ಹಳೇ ವೆಬ್ ಪುಟ, ಸಾಫ್ಟ್‌ವೇರ್ ಕಾಪಾಡಿಡೋ ಇಂಟರ್ನೆಟ್ ಆರ್ಕೈವ್ ಅನ್ನೋ ತಾಣ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ನೇರವಾಗಿ ಆಡೋ ಹಾಗೆ ಹಾಕಿತು, ಒಳಗಿರೋದು ಡಾಸ್‌ಬಾಕ್ಸೇ. ಏನೂ ಹಾಕಿಕೊಳ್ಳಬೇಕಿಲ್ಲ, ಒತ್ತಿದರೆ ಆಟ. ಐದು ನಿಮಿಷ ಮಗಳಿಗೆ ತೋರಿಸೋಕೆ ಇದಕ್ಕಿಂತ ಸುಲಭ ಇಲ್ಲ. ಆದರೆ ಕೂತು ಆಡೋಕೆ ಹೋದರೆ ತಲೆಬಿಸಿ. ಡೇವ್‌ನಲ್ಲಿ ಜೆಟ್‌ಪ್ಯಾಕ್‌ಗೆ ಆಲ್ಟ್ ಒತ್ತಬೇಕಲ್ಲ, ಆಲ್ಟ್ ಬಿಡೋ ಮುಂಚೆ ಎಡಬಾಣ ಒತ್ತಿಬಿಟ್ಟೆ, ಬ್ರೌಸರ್ ಹಿಂದಿನ ಪುಟಕ್ಕೆ ಹೋಯ್ತು, ಆಟ ಮಾಯ. ಪ್ರಿನ್ಸ್‌ನಲ್ಲಿ ಸೇವ್ ಮಾಡಿದ್ದನ್ನು ತೆಗೆಯೋಕೆ ಕಂಟ್ರೋಲ್ ಎಲ್ ಒತ್ತಿದರೆ ಕರ್ಸರ್ ವಿಳಾಸದ ಪಟ್ಟಿಗೆ ಹಾರಿತು. ಜೊತೆಗೆ ಒತ್ತಿದ್ದಕ್ಕೂ ಆಗಿದ್ದಕ್ಕೂ ಮಧ್ಯೆ ಒಂದು ಚೂರು ತಡ. ಹೆಜ್ಜೆ ಮುಗಿಸೋಕೆ ಮೊದಲೇ ಸಮಯ ತಗೊಳ್ಳೋ ಪ್ರಿನ್ಸ್‌ಗೆ ಈ ತಡವೂ ಸೇರಿದರೆ ನೇರ ಮುಳ್ಳಿನ ಮೇಲೆ.

ಹಾಗಾದರೆ ಯಾವುದು? ಡೇವ್ ಮತ್ತು ಹಾವು ಡಾಸ್‌ಬಾಕ್ಸ್‌ನಲ್ಲಿ, ಅನುಮಾನವೇ ಇಲ್ಲ. ಪ್ರಿನ್ಸ್ ಮಾತ್ರ ಥಿಂಕ್‌ಪ್ಯಾಡ್‌ನಲ್ಲೇ, ಕೀಬೋರ್ಡ್ ಒಂದಕ್ಕೇ. ಆದರೆ ಗರಗರ ಅನ್ನೋ ಆ ಹಾರ್ಡ್ ಡಿಸ್ಕ್ ಮೇಲೆ ನನಗೆ ನಂಬಿಕೆ ಇಲ್ಲ. ಅದಕ್ಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಐಡಿಇ ಅನ್ನೋ ಹಳೇ ಥರದ ಡಿಸ್ಕನ್ನು ಯುಎಸ್‌ಬಿಗೆ ಸಿಕ್ಕಿಸೋ ಅಡಾಪ್ಟರ್ ತಂದೆ. ಅಂಗಡಿಯವರು "ಇನ್ನೂ ಇಂಥ ಡಿಸ್ಕ್ ಇಟ್ಕೊಂಡಿದ್ದೀರಾ ಸಾರ್" ಅಂತ ಒಳಗಿನ ಡಬ್ಬದಿಂದ ಹುಡುಕಿ ಕೊಟ್ಟರು. ಎಲ್ಲಾ ಕಾಪಿ ಮಾಡಿದೆ.

ಕಾಪಿ ಆಗುವಾಗ ಪ್ರಿನ್ಸ್ ಫೋಲ್ಡರ್‌ನಲ್ಲಿ ಎಚ್‌ಒಎಫ್ ಅನ್ನೋ ಫೈಲ್ ಕಣ್ಣಿಗೆ ಬಿತ್ತು. ಆಟ ಗೆದ್ದವರ ಹೆಸರು, ಆಟಕ್ಕೆ ಕೊಟ್ಟ 60 ನಿಮಿಷದಲ್ಲಿ ಎಷ್ಟು ಉಳಿಸಿದರು ಅನ್ನೋದು ಅದರಲ್ಲಿರುತ್ತೆ. ಡಾಸ್‌ಬಾಕ್ಸ್‌ನಲ್ಲಿ ತೆಗೆದು ನೋಡಿದರೆ ಮೇಲಿನ ಮೂರೂ ಸಾಲು ಅಕ್ಕನದು, ಹನ್ನೊಂದು ನಿಮಿಷ ಉಳಿಸಿದ್ದಾಳೆ. ನಾನು ನಾಲ್ಕನೆಯವನು, ನಾಲ್ಕು ನಿಮಿಷ. ಫೋನ್ ಮಾಡಿ ಹೇಳಿದೆ. "ಹನ್ನೆರಡನೇ ಲೆವೆಲ್‌ನಲ್ಲಿ ಪ್ರಿನ್ಸ್‌ನದೇ ನೆರಳಿನ ಜೊತೆ ಕತ್ತಿ ಹಿಡಿದು ಹೋರಾಡ್ತಾ ಸಾಯ್ತಿದ್ದೆ ನೀನು, ಕತ್ತಿ ಒಳಗಿಡೋ ಅಂತ ನಾನೇ ಹೇಳಿಕೊಟ್ಟಿದ್ದು" ಅಂದಳು. ನಿನ್ನೆ ರಾತ್ರಿ ಒಂಬತ್ತನೇ ಲೆವೆಲ್‌ವರೆಗೆ ಬಂದೆ, ಟೈಮ್ ಮುಗೀತು.