ಬಕೆಟ್ ಎತ್ತುವ ಮೊದಲು ಗೇರ್‌ಬಾಕ್ಸ್ ವಿಚಾರಿಸುವ ಅಂಗಡಿ

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್ಲು. ಊರಿಗೇ ಎಣ್ಣೆ ನಗರ ಅಂತ ಹೆಸರು, ಆದರೂ ಮಷಿನ್‌ಗೆ ಹಾಕುವ ಎಣ್ಣೆಗೆ ನಾನು ಚಿತ್ರದುರ್ಗಕ್ಕೇ ಹೋಗೋದು, ಬಿ.ಡಿ. ರಸ್ತೆಯ ಈ ಅಂಗಡಿಗೆ. ಬೇರೆ ಕಡೆ "ಗೇರ್ ಆಯಿಲ್ ಒಂದು ಬಕೆಟ್" ಅಂದರೆ ಲಾರಿಗೆ ಹಾಕುವ 140 ತಂದಿಡುತ್ತಾರೆ. ಇಲ್ಲಿ ಯಜಮಾನರು ಮೊದಲು ಕೇಳುತ್ತಾರೆ: "ಯಾವ ಗೇರ್‌ಬಾಕ್ಸಮ್ಮ? ಹೆಲಿಕಲ್ಲೋ, ವರ್ಮೋ? ಪ್ಲೇಟಿನ ಫೋಟೋ ಇದೆಯಾ?" ಹೆಲಿಕಲ್ ಅಂದರೆ ಓರೆ ಹಲ್ಲಿನ ಚಕ್ರಗಳದ್ದು, ವರ್ಮ್ ಅಂದರೆ ಸ್ಕ್ರೂನಂಥ ದಂಡ ಚಕ್ರವನ್ನು ತಿರುಗಿಸುವಂಥದ್ದು.

ಬೀಜ ಹಿಂಡಿ ಎಣ್ಣೆ ತೆಗೆಯುವ ನಮ್ಮ ಎಕ್ಸ್‌ಪೆಲ್ಲರ್‌ನ ಹೆಲಿಕಲ್ ಗೇರ್‌ಬಾಕ್ಸ್ ಮೇಲೆ ಬರೆದಿರೋದು ವಿಜಿ 320. ಅಂದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಮಂದ 320 ಸೆಂಟಿಸ್ಟೋಕ್ಸ್, ಹತ್ತು ಪರ್ಸೆಂಟ್ ಆಚೀಚೆ. ಲಾರಿ ಎಣ್ಣೆಯ 90, 140 ಬೇರೆಯೇ ಲೆಕ್ಕದ ನಂಬರುಗಳು. ಆ 90 ಇಲ್ಲಿನ 220ರ ಹತ್ತಿರ ಬರುತ್ತದೆ, 140 ಸುಮಾರು 460ರ ಆಸುಪಾಸು. "320 ಅಂದ್ರೆ 140ಕ್ಕಿಂತ ಡಬಲ್ ದಪ್ಪ" ಅಂತ ವಾದಿಸುವ ಮಿಸ್ತ್ರಿಗಳಿಗೆ ಗೋಡೆಯ ಚಾರ್ಟ್ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಸರ್ವೋಮೆಶ್ ಎಸ್‌ಪಿ 320, ಪಾರ್ಥನ್ ಇಪಿ 320 ಎರಡೂ ಬ್ರ್ಯಾಂಡ್ ಸಿಗುತ್ತವೆ. ಯಾವುದಾದರೂ ಸರಿ, ಒಂದನ್ನೇ ಹಿಡೀರಿ ಅನ್ನೋದು ಅವರ ಮಾತು.

ಹಿಂಡಿ ಸಾಗಿಸುವ ಕನ್ವೇಯರ್‌ದು ವರ್ಮ್ ಗೇರ್‌ಬಾಕ್ಸ್, ಒಳಗಿನ ಚಕ್ರ ಕಂಚಿನದು. ಬಕೆಟ್‌ನಲ್ಲಿ ಉಳಿದ 320 ಅದಕ್ಕೇ ಹಾಕಬಹುದಾ ಅಂತ ಕೇಳಿದೆ. ಬೇಡವೇ ಬೇಡ ಅಂದರು. ಆ 320 ಇಪಿ ಎಣ್ಣೆ, ಅಂದರೆ ಭಾರೀ ಒತ್ತಡ ತಡೆಯುವಂಥದ್ದು; ಅದರಲ್ಲಿ ಗಂಧಕದ ಅಂಶ ಇರುತ್ತೆ, ಚೆನ್ನಾಗಿ ಬಿಸಿಯಾದಾಗ ಅದು ಕಂಚನ್ನು ತಿನ್ನಬಹುದು. ವರ್ಮ್‌ಗೆಂದೇ ಬರುವ 460 ಕೊಟ್ಟರು. ಪಿಎಜಿ ಅನ್ನುವ ಸಿಂಥೆಟಿಕ್ ಕೂಡ ಇದೆ, ಆದರೆ ಅದು ಮಾಮೂಲಿ ಎಣ್ಣೆಯ ಜೊತೆ ಕೂಡೋದಿಲ್ಲ. ಹಳೇದನ್ನು ಪೂರ್ತಿ ಇಳಿಸಿ ತೊಳೆದೇ ಹಾಕಬೇಕು. ನಮ್ಮ ಮಿಲ್ಲಿನಲ್ಲಿ ಯಾರೋ ಒಬ್ಬರು ಟಾಪ್‌ಅಪ್ ಮಾಡಿಬಿಡುತ್ತಾರೆ ಅನ್ನುವ ಭಯಕ್ಕೆ ನಾನು ಅದರ ತಂಟೆಗೆ ಹೋಗಲಿಲ್ಲ.

ಗ್ರೀಸ್ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಶೇಂಗಾ ಬೇಯಿಸುವ ಕೆಟಲ್ ಪಕ್ಕದ ಬೇರಿಂಗ್‌ಗಳು ಕೈ ಇಡಲಾಗದಷ್ಟು ಕಾಯುತ್ತವೆ. ಸಾದಾ ಲಿಥಿಯಂ ಗ್ರೀಸ್ 190 ಡಿಗ್ರಿ ಹತ್ತಿರ ಕರಗಿ ತೊಟ್ಟಿಕ್ಕುತ್ತದೆ, ಅದಕ್ಕೂ ಬಹಳ ಮೊದಲೇ ಸೊರಗುತ್ತದೆ. ಲಿಥಿಯಂ ಕಾಂಪ್ಲೆಕ್ಸ್ ಆದರೆ 250 ದಾಟುವವರೆಗೂ ಕರಗುವುದಿಲ್ಲ. ಕೆಂಪು, ನೀಲಿ ಬರೀ ಬಣ್ಣ, ಅದನ್ನು ನೋಡಿ ಕೊಳ್ಳಬಾರದು. ಬೇರಿಂಗ್ ಮನೆಯ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಗ್ರೀಸೇ ಕಡೆದು ಕಡೆದು ಬಿಸಿ ಏರಿಸುತ್ತದೆ. ನಮ್ಮ ಕಡೆ ಹುಡುಗರು ಸೀಲಿನಿಂದ ಆಚೆ ಬರೋವರೆಗೂ ಗನ್ ಒತ್ತುತ್ತಾರೆ, ಅದೇ ಸೇವೆ ಅಂತ.

ನಾನು ಈ ಅಂಗಡಿ ಬಿಡದಿರಲು ದೊಡ್ಡ ಕಾರಣ ಬೇರೆ. ನಮ್ಮದು ಜನ ತಿನ್ನುವ ಎಣ್ಣೆ. ಬೀಜದ ಮೇಲೆ ಹಾದುಹೋಗುವ ಎಲಿವೇಟರ್ ಚೈನು, ಫಿಲ್ಟರ್ ಪ್ರೆಸ್ ಹತ್ತಿರದ ಬೇರಿಂಗು, ಇವಕ್ಕೆ ಎಚ್‌1 ದರ್ಜೆಯ ಫುಡ್ ಗ್ರೇಡ್ ಬೇಕು ಅಂತ ಅವರೇ ಹೇಳಿದ್ದು. ಅಕಸ್ಮಾತ್ ಒಂದು ಹನಿ ತಾಗಿದರೆ ಅಂತ ಇರುವ ದರ್ಜೆ ಅದು, ಸೋರುತ್ತಿರಲಿ ಅನ್ನುವ ಪರವಾನಗಿ ಅಲ್ಲ. ಅಮೆರಿಕದ ನಿಯಮದಲ್ಲಿ ಆಹಾರದಲ್ಲಿ ಅಂಥ ಮಿನರಲ್ ಎಣ್ಣೆಗೆ ಮಿತಿ ಹತ್ತು ಲಕ್ಷಕ್ಕೆ ಹತ್ತು ಭಾಗ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಎಷ್ಟೋ ಮಿಲ್ಲುಗಳಲ್ಲಿ ಚೈನಿಗೆ ಶೇಂಗಾ ಎಣ್ಣೆಯನ್ನೇ ಸುರಿಯುತ್ತಾರೆ, ಹೇಗೂ ಮನೆಯದೇ ಅಂತ. ಸ್ವಲ್ಪ ದಿನಕ್ಕೆ ಅದು ಹಳೇ ಬಾಣಲೆ ಅಂಚಿನ ಜಿಡ್ಡಿನ ಹಾಗೆ ಗಟ್ಟಿಯಾಗಿ, ಸಿಪ್ಪೆಯ ಧೂಳು ಹಿಡಿದು, ಚೈನು ಮಡಚುವುದೇ ಇಲ್ಲ.

ಲೂಸ್ ಎಣ್ಣೆ ಮಾರುವುದಿಲ್ಲ, ಸೀಲ್ ಇರುವ ಡಬ್ಬವೇ. ಬಿಲ್ ಮಾತ್ರ ಕೈಯಲ್ಲೇ ಬರೀತಾರೆ, ಪುರುಸೊತ್ತಾಗಿ. ಅದನ್ನು ಸಹಿಸಿಕೊಂಡೇನು. ಸಹಿಸಲಾಗದ್ದು ಎಚ್‌1 ಗ್ರೀಸ್ ಸ್ಟಾಕ್ ಇಡದಿರುವುದು. ಅಡ್ವಾನ್ಸ್ ಕೊಟ್ಟು ಬೆಂಗಳೂರಿಂದ ತರಿಸಬೇಕು. ಶೇಂಗಾ ಸುಗ್ಗಿಯಲ್ಲಿ ಮಿಲ್ಲು ನಿಲ್ಲಿಸಿ ಯಾರು ಕಾಯುತ್ತಾರೆ? ನಾಲ್ಕೇ ಸ್ಟಾರ್ ಕೊಟ್ಟಿದ್ದು ಅದಕ್ಕೇ. ಎರಡು ಡಬ್ಬವಾದರೂ ಇಟ್ಟಿರಿ ಯಜಮಾನ್ರೇ, ಚಳ್ಳಕೆರೆಯವರು ನಾವೇ ಖಾಲಿ ಮಾಡುತ್ತೀವಿ.