ಸ್ಟಾರ್ ಟ್ರೆಕ್ (2009): ಸ್ಪಾಕ್ ಉಳಿದ, ಅವನ ನೆಲ ಉಳಿಯಲಿಲ್ಲ

ಹೊಸ ನಟರನ್ನು ಹಾಕಿಕೊಂಡು ಸ್ಟಾರ್ ಟ್ರೆಕ್ ಅನ್ನೋ ಬಾಹ್ಯಾಕಾಶದ ಕಥೆಯನ್ನು ಮೊದಲಿಂದ ಶುರು ಮಾಡ್ತಾರೆ ಅಂದಾಗ ನನಗಿದ್ದ ಭಯ ಒಂದೇ. ಸ್ಪಾಕ್‌ನನ್ನು ಏನು ಮಾಡಿಬಿಡ್ತಾರೋ ಅಂತ. ಕ್ಯಾಪ್ಟನ್ ಕರ್ಕ್ ಸ್ವಲ್ಪ ಬದಲಾದರೆ ತಡೆದುಕೊಳ್ಳಬಹುದು. ಅವನ ಬಾಹ್ಯಾಕಾಶ ಹಡಗು ಎಂಟರ್‌ಪ್ರೈಸ್‌ನ ಆಕಾರ ಬದಲಾದರೂ ಸರಿ. ಆದರೆ ಸ್ಪಾಕ್ ಹಾಗಲ್ಲ. ಅರ್ಧ ಮನುಷ್ಯ, ಅರ್ಧ ವಲ್ಕನ್, ಅಂದರೆ ಭಾವನೆ ಅದುಮಿಟ್ಟು ತರ್ಕವನ್ನೇ ನಂಬುವ ಬೇರೆ ಗ್ರಹದವರ ಕುಲ. ಒಳಗೆ ಎಷ್ಟೇ ಕುದಿಯುತ್ತಿದ್ದರೂ ಹೊರಗೆ ಒಂದು ಹುಬ್ಬು ಮಾತ್ರ ಮೇಲೇರುತ್ತದೆ. 1966ರಲ್ಲಿ ಧಾರಾವಾಹಿ ಶುರುವಾದಾಗಿನಿಂದ ಲಿಯೊನಾರ್ಡ್ ನಿಮೋಯ್ ಕಟ್ಟಿದ ಆ ಪಾತ್ರವನ್ನು ಮುಟ್ಟುವವರಿಗೆ ಕೈ ನಡುಗಬೇಕು.

ಜೆ.ಜೆ. ಏಬ್ರಮ್ಸ್ ನಿರ್ದೇಶನದ ಈ ಸಿನಿಮಾವನ್ನು ಈಚೆಗೆ ಮತ್ತೆ ನೋಡಿದೆ. ಸ್ಪಾಕ್ ಉಳಿದಿದ್ದಾನೆ, ಚೆನ್ನಾಗಿಯೇ ಉಳಿದಿದ್ದಾನೆ. ಆದರೆ ಅವನ ದುಃಖಕ್ಕೆ ಕೊಡಬೇಕಾದಷ್ಟು ಹೊತ್ತು ಕೊಟ್ಟಿಲ್ಲ. ನನ್ನ ದೊಡ್ಡ ತಕರಾರು ಅದೊಂದೇ.

ಮೊದಲ ದೃಶ್ಯಕ್ಕೆ ನಾನು ಪೂರ್ತಿ ಸೋತೆ. 2233ನೇ ಇಸವಿ. ಕೆಲ್ವಿನ್ ಅನ್ನೋ ಹಡಗಿನ ಮೇಲೆ ದಾಳಿ ಆಗುತ್ತದೆ. ಗೋಡೆ ಒಡೆದು ಸಿಬ್ಬಂದಿಯ ಒಬ್ಬ ಹೆಂಗಸು ಹೊರಗೆ ಎಸೆಯಲ್ಪಡುತ್ತಾಳೆ. ಆ ಕ್ಷಣ ಸದ್ದೆಲ್ಲ ನಿಂತುಹೋಗುತ್ತದೆ. ಬಾಹ್ಯಾಕಾಶದಲ್ಲಿ ಸದ್ದು ಇರೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಅದನ್ನು ಇಷ್ಟು ಎದೆಗೆ ತಾಕುವಂತೆ ತೋರಿಸಿದ್ದು ಕಡಿಮೆ. ಕರ್ಕ್‌ನ ಅಪ್ಪ ಕ್ಯಾಪ್ಟನ್ ಆಗಿರೋದು 12 ನಿಮಿಷ. ಅಷ್ಟರಲ್ಲಿ 800 ಜೀವ ಉಳಿಸುತ್ತಾನೆ. ಅತ್ತ ಹೆಂಡತಿಗೆ ಹೆರಿಗೆ, ಇತ್ತ ಇವನ ಸಾವು. ಕ್ರಿಸ್ ಹೆಮ್ಸ್‌ವರ್ತ್ ಪರದೆ ಮೇಲೆ ಇರೋದು ಸ್ವಲ್ಪ ಹೊತ್ತು, ಆದರೂ ನನಗೆ ಪ್ರತಿ ಸಲ ಕಣ್ಣು ತುಂಬುತ್ತದೆ.

ಇನ್ನು ಕಥೆಯ ಜಾಣತನ. 2387ರಲ್ಲಿ ಒಂದು ನಕ್ಷತ್ರ ಸಿಡಿದು ರೋಮ್ಯುಲಸ್ ಗ್ರಹ ನಾಶವಾಗುತ್ತದೆ. ವಯಸ್ಸಾದ ಸ್ಪಾಕ್ ಅದನ್ನು ತಡೆಯಲು ಹೋಗಿ ಸೋಲುತ್ತಾನೆ. ಗ್ರಹ ಕಳೆದುಕೊಂಡ ಸಿಟ್ಟಿನಲ್ಲಿ ಅಲ್ಲಿನವನಾದ ನೀರೋ ಅವನ ಮೇಲೆ ಬೀಳುತ್ತಾನೆ. ಇಬ್ಬರೂ ಕಪ್ಪು ಕುಳಿಯೊಳಗೆ ಸಿಕ್ಕಿ ಹಿಂದಿನ ಕಾಲಕ್ಕೆ ಬಂದು ಬೀಳುತ್ತಾರೆ. ನೀರೋ ಬಂದು ಕೆಲ್ವಿನ್ ಮೇಲೆ ದಾಳಿ ಮಾಡಿದ ಗಳಿಗೆಯಿಂದಲೇ ಕಾಲ ಎರಡಾಗಿ ಕವಲೊಡೆಯುತ್ತದೆ. ಅಂದರೆ ನಾವು ಪ್ರೀತಿಸಿದ 79 ಕಂತುಗಳು, ಆಮೇಲಿನ ಸಿನಿಮಾಗಳು, ಯಾವುದೂ ಅಳಿಸಿಹೋಗಿಲ್ಲ. ಎಲ್ಲವೂ ಆ ಇನ್ನೊಂದು ಕವಲಿನಲ್ಲಿ ಹಾಗೇ ಇವೆ. ಅಲ್ಲಿಂದ ವಯಸ್ಸಾದ ಸ್ಪಾಕ್ ಆಗಿ ನಿಮೋಯ್ ಅವರೇ ನಡೆದು ಬಂದು ಹೊಸ ಕರ್ಕ್ ಮುಂದೆ ನಿಲ್ಲುತ್ತಾರೆ. ಹಳೆಯ ಅಭಿಮಾನಿಗಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು?

ನಟರ ಆಯ್ಕೆ ಬಗ್ಗೆ ನನಗೆ ಖುಷಿಯೇ ಜಾಸ್ತಿ. ಹೊಸ ಸ್ಪಾಕ್ ಜಕಾರಿ ಕ್ವಿಂಟೊ ಹುಬ್ಬಿನ ಮೇಲೆ ನಂಬಿಕೆ ಇಟ್ಟಿಲ್ಲ, ಧ್ವನಿ ತಗ್ಗಿಸಿ ಸಿಟ್ಟನ್ನು ನುಂಗುತ್ತಾರೆ. ಹೊಸ ಕರ್ಕ್ ಕ್ರಿಸ್ ಪೈನ್, ಹಳೆಯ ಕರ್ಕ್ ಶ್ಯಾಟ್ನರ್ ಥರ ಮಾತು ಕತ್ತರಿಸಿ ಹೇಳಲು ಹೋಗಿಲ್ಲ, ಒಳ್ಳೆಯದಾಯಿತು. ಕಾರ್ಲ್ ಅರ್ಬನ್ ಅಂತೂ ಅಪ್ಪಟ ಮೆಕಾಯ್, ಹಡಗಿನ ಡಾಕ್ಟರ್. ಷಟಲ್ ಹತ್ತಿ ಕೂತು ಬಾಹ್ಯಾಕಾಶದ ರೋಗರುಜಿನಗಳ ಬಗ್ಗೆ ಗೊಣಗುತ್ತಾರಲ್ಲ, ಹಳೆಯ ಮೆಕಾಯ್ ಡಿಫಾರೆಸ್ಟ್ ಕೆಲ್ಲಿ ಅವರನ್ನು ನೋಡಿ ಬೆಳೆದವರಿಗೆ ಹಬ್ಬ ಅದು. ಹಡಗಿನ ಸಂಪರ್ಕ ಅಧಿಕಾರಿ ಉಹೂರಾಳ ಮೊದಲ ಹೆಸರು ನ್ಯೋಟಾ ಅನ್ನೋದು ಪರದೆ ಮೇಲೆ ಮೊದಲ ಸಲ ಕೇಳಿಸಿದ್ದೂ ಇಲ್ಲೇ. ವಲ್ಕನ್ ಗ್ರಹ ಕೊರೆಯಲು ನೀರೋ ಇಳಿಸಿದ ಡ್ರಿಲ್ ಮೇಲೆ ಧುಮುಕುವ ಮೂವರಲ್ಲಿ ಕೆಂಪು ಸೂಟಿನವನೇ ಸಾಯೋದು, ಗಮನಿಸಿದಿರಾ? ಹಳೆಯ ಧಾರಾವಾಹಿಯಲ್ಲಿ ಕೆಂಪು ಅಂಗಿಯವರು ಸಾಯೋದು ಮಾಮೂಲು, ಗೊತ್ತಿದ್ದವರಿಗೆ ಗೊತ್ತಾಗಲಿ ಅಂತಲೇ ಇಟ್ಟಿದ್ದಾರೆ.

ಈಗ ತಕರಾರು. ವಲ್ಕನ್ ಗ್ರಹದ ಕೆಂಪು ಆಕಾಶವನ್ನು ನಾವು ಮೊದಲು ನೋಡಿದ್ದು 1967ರ ‘ಅಮಾಕ್ ಟೈಮ್’ ಕಂತಿನಲ್ಲಿ. ಆ ಗ್ರಹ ಇಲ್ಲಿ ನೀರೋನ ಸೇಡಿಗೆ ನೋಡನೋಡುತ್ತಲೇ ಕುಸಿದು ಇಲ್ಲವಾಗುತ್ತದೆ. 600 ಕೋಟಿ ಜನ. ಉಳಿದವರು ಹತ್ತು ಸಾವಿರ ಇರಬಹುದು ಅಂತ ಸ್ಪಾಕ್ ದಾಖಲಿಸುತ್ತಾನೆ. ಅಮ್ಮ ಅಮಾಂಡಾ ಅವನು ಚಾಚಿದ ಕೈಗೆ ಸಿಗದೆ ಬಿದ್ದುಹೋಗುತ್ತಾಳೆ. ಆಮೇಲೆ ಲಿಫ್ಟಿನಲ್ಲಿ ಉಹೂರಾ ಅವನನ್ನು ಅಪ್ಪಿಕೊಳ್ಳುವ ಒಂದು ಪುಟ್ಟ ದೃಶ್ಯ. ಮುಂದೆ ಅಪ್ಪ ಸಾರೆಕ್ ಬಂದು, ನಿನ್ನ ಅಮ್ಮನನ್ನು ಮದುವೆಯಾಗಿದ್ದು ಪ್ರೀತಿಸಿದ್ದಕ್ಕೇ ಅನ್ನುತ್ತಾನೆ. ಎರಡೂ ಅದ್ಭುತ. ಆದರೆ ಅಷ್ಟೇ. ಕೂಡಲೇ ಓಟ, ಹೊಡೆದಾಟ, ಸ್ಫೋಟ. ಹಳೆಯ ಧಾರಾವಾಹಿಯ ಜೀವ ಇದ್ದಿದ್ದು ಮೇಜಿನ ಸುತ್ತ ಕೂತು ವಾದ ಮಾಡೋದರಲ್ಲಿ. ಕೊನೆಯಲ್ಲಿ ಸೋತು ಸಾಯುತ್ತಿರುವ ನೀರೋಗೆ ನೆರವು ಕೊಡೋಣ ಅಂತ ಕರ್ಕ್ ಕೇಳುತ್ತಾನೆ. ಸ್ಪಾಕ್‌ಗೆ ಅದು ಇಷ್ಟವಿಲ್ಲ. ಎಂಥ ಜಾಗ ಅದು! ಹಿಂಸೆ ಬೇಡ ಅನ್ನುವ ವಲ್ಕನ್ನರ ಮಗ ಸೇಡಿನ ಕಡೆ ವಾಲುತ್ತಿದ್ದಾನೆ. ಅಲ್ಲಿ ಐದು ನಿಮಿಷ ನಿಲ್ಲಬೇಕಿತ್ತು. ಎರಡು ಮಾತಿನಲ್ಲಿ ಮುಗಿಸಿಬಿಟ್ಟರು. ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಉಳಿದವು ಸಣ್ಣವು. ಪ್ರತಿ ಫ್ರೇಮಿನಲ್ಲೂ ಕಣ್ಣಿಗೆ ಹೊಡೆಯುವ ಬೆಳಕಿನ ಗೆರೆಗಳು ಜಾಸ್ತಿ ಆಯಿತು. ಎಂಜಿನ್ ಕೋಣೆಯನ್ನು ಬಿಯರ್ ಕಾರ್ಖಾನೆಯೊಳಗೆ ಚಿತ್ರೀಕರಿಸಿದ್ದಾರೆ, ಆ ಪೈಪು ತೊಟ್ಟಿಗಳು ಅದನ್ನು ಮುಚ್ಚಿಡೋದಿಲ್ಲ. ಇನ್ನೂ ತರಬೇತಿಯಲ್ಲಿದ್ದ ಕೆಡೆಟ್ ಕರ್ಕ್‌ಗೆ ನೇರವಾಗಿ ಎಂಟರ್‌ಪ್ರೈಸ್ ಕೊಟ್ಟಿದ್ದು ಅತಿ ಅವಸರ. ಮೇಕಪ್‌ಗೆ ಬಂದ ಆಸ್ಕರ್ ಮಾತ್ರ ನ್ಯಾಯವಾದದ್ದು. ಸ್ಟಾರ್ ಟ್ರೆಕ್ ಸಿನಿಮಾಗಳಿಗೆ ಸಿಕ್ಕ ಮೊದಲ ಆಸ್ಕರ್ ಅದು.

ಸ್ಟಾರ್ ಟ್ರೆಕ್ ಗೊತ್ತೇ ಇಲ್ಲದವರೂ ಧೈರ್ಯವಾಗಿ ನೋಡಬಹುದು, ಎಲ್ಲೂ ಅರ್ಥವಾಗದೆ ನಿಲ್ಲೋದಿಲ್ಲ. ಆದರೆ ಸ್ವಲ್ಪ ಪುರುಸೊತ್ತಿದ್ದರೆ ಮೊದಲು ‘ಅಮಾಕ್ ಟೈಮ್’, ಆಮೇಲೆ ಅದೇ ವರ್ಷದ ‘ಜರ್ನಿ ಟು ಬೇಬಲ್’ ನೋಡಿ. ಸಾರೆಕ್, ಅಮಾಂಡಾ ಮೊದಲು ಕಾಣಿಸಿಕೊಂಡಿದ್ದು ಆ ಎರಡನೆಯದರಲ್ಲಿ. ಅದರಲ್ಲಿ ಅಪ್ಪ ಮಗ ಸರಿಯಾಗಿ ಮಾತೂ ಆಡೋದಿಲ್ಲ. ಅದನ್ನು ನೋಡಿಕೊಂಡು ಈ ಸಿನಿಮಾಗೆ ಬಂದರೆ ಸಾರೆಕ್ ಹೇಳುವ ಆ ಒಂದು ಮಾತಿನ ತೂಕವೇ ಬೇರೆ.